ಜಾನುವೇಚಿಯನ್ನು ಐದು ಸಲ ಬರೆದವಳು

ಉತ್ತಮೇಟ್ಟನ ಗಂಟಲು ಕೆಟ್ಟದ್ದು ಎಂಬತ್ತಮೂರರ ಮಾರ್ಚಿನಲ್ಲಿ. ಅಲ್ಲಿಯವರೆಗೆ ಹದಿಮೂರು ವರ್ಷ ನಮ್ಮ ಬೀಡಿ ಶಾಖೆಗೆ ಓದಿದವರು ಅವರೇ. ಬೆಳಿಗ್ಗೆ ಎರಡು ಪತ್ರಿಕೆ, ಮಧ್ಯಾಹ್ನ ಗಂಜಿ ಉಂಡಾದ ಮೇಲೆ ಕಾದಂಬರಿ. ನಾವು ತೊಂಬತ್ತು ಮಂದಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರೆ, ಅವರು ನಡುವಿನ ಎತ್ತರದ ಸ್ಟೂಲಿನ ಮೇಲೆ ಕೂತು, ಕೊನೆಯ ಸಾಲಿನಲ್ಲಿದ್ದವರಿಗೂ ಕೇಳುವ ಹಾಗೆ ಓದುತ್ತಿದ್ದರು. ಓದುವವರಿಗೆ ಕಟ್ಟಲು ಪುರಸೊತ್ತೆಲ್ಲಿ? ಅವರ ಪಾಲಿನ ಬೀಡಿಯನ್ನು ನಾವೇ ತಲೆಗೆ ಇಷ್ಟಿಷ್ಟು ಕಟ್ಟಿ ಹಾಕುತ್ತಿದ್ದೆವು. ಕಣ್ಣೂರಿನ ಕಡೆ ಎಲ್ಲ ಶಾಖೆಗಳಲ್ಲೂ ಅದೇ ಪದ್ಧತಿ.

ನಾನು ಕುಂಬಳೆಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ಊರಲ್ಲೂ ಬೀಡಿ ಕಟ್ಟಿದವಳೇ. ಆದರೆ ಮನೆಯ ಜಗಲಿಯಲ್ಲಿ ಒಬ್ಬಳೇ ಕೂತು ಕಟ್ಟಿದ್ದು. ಕಾದಂಬರಿ ಕೇಳುತ್ತಾ ಬೀಡಿ ಕಟ್ಟಬಹುದು ಅಂತ ಗೊತ್ತಾದದ್ದು ಇಲ್ಲಿ. ಮಲಯಾಳಂ ಕಲಿತದ್ದೂ ಹಾಗೆಯೇ, ಉತ್ತಮೇಟ್ಟನ ದನಿಯಿಂದ. ನನ್ನ ಬಲಕ್ಕೆ ಕೂರುತ್ತಿದ್ದವಳು ಸೌಮಿನಿ. ನಾವಿಬ್ಬರೂ ಒಂದೇ ವರ್ಷ ಹುಟ್ಟಿದವರು. ಅವಳು ಏಳನೆಯ ತರಗತಿಗೆ ಶಾಲೆ ಬಿಟ್ಟವಳು, ತೆಳ್ಳಗೆ, ಉದ್ದ ಬೆರಳು, ಸಿಟ್ಟು ಬಂದರೆ ಮೂಗಿನ ತುದಿ ಕೆಂಪು. ಗಂಡ ಮಗ್ಗದ ಸೊಸೈಟಿಯಲ್ಲಿ. ಮಕ್ಕಳಿಲ್ಲ.

ಉತ್ತಮೇಟ್ಟನ ದನಿ ಪಿಸುಮಾತಿಗೆ ಇಳಿದಾಗ ಹೊಸಬರನ್ನು ಆರಿಸಬೇಕಾಯಿತು. ಪವಿತ್ರನ್ ಅಂತ ಒಬ್ಬ ಯುವಕ ಎದ್ದು ನಿಂತ. ಕಾಲೇಜಿನ ಮೆಟ್ಟಿಲು ಹತ್ತಿ ಇಳಿದವ. ಅವನು ಒಂದು ಪುಟ ಓದಿದ. ಆಗ ಜಾನುವೇಚಿ ಕತ್ತರಿಯಿಂದ ಮೊರಕ್ಕೆ ಟಣ್ ಅಂತ ಹೊಡೆದು, "ಇವ ಓದಿದ್ರೆ ಹೊಗೆಸೊಪ್ಪೂ ನಿದ್ದೆ ಹೋಗ್ತದೆ! ಸೌಮಿನಿ ಓದ್ಲಿ," ಅಂದಳು.

"ಹೆಂಗಸಾ?" ಅಂದ ಯಾರೋ.

"ಯಾಕೆ, ಅಕ್ಷರಕ್ಕೆ ಮೀಸೆ ಉಂಟಾ?"

ಈ ಜಾನುವೇಚಿಯ ಬಗ್ಗೆ ಮೊದಲು ಹೇಳಬೇಕು. ಏಚಿ ಅಂದರೆ ಅಕ್ಕ, ಏಟ್ಟ ಅಂದರೆ ಅಣ್ಣ. ಐವತ್ತೆಂಟರ ಹೆಂಗಸು, ಹೊಳೆಯಾಚೆಯಿಂದ ದೋಣಿಯಲ್ಲಿ ಬರುತ್ತಿದ್ದಳು. ಓದು ಬರುತ್ತಿರಲಿಲ್ಲ, ಆದರೆ ಕೇಳಿದ ಒಂದು ಕಾದಂಬರಿಯನ್ನೂ ಮರೆತವಳಲ್ಲ. ಕಥೆಯಲ್ಲಿ ಯಾವ ಹೆಂಗಸು ಸಾಯುವುದನ್ನೂ ಅವಳು ಸಹಿಸುತ್ತಿರಲಿಲ್ಲ. ಒಮ್ಮೆ ಒಬ್ಬ ನಾಯಕಿ ಬಾವಿಗೆ ಹಾರಿದಾಗ, "ಅವಳನ್ನು ಯಾಕೆ ಸಾಯಿಸಿದ್ದು? ಬರೆದವನಿಗೆ ಕಾಗದ ಹಾಕಿ!" ಅಂತ ಹಟ ಹಿಡಿದು, ಉತ್ತಮೇಟ್ಟನ ಕೈಯಲ್ಲಿ ನಿಜವಾಗಿಯೂ ಕಾಗದ ಬರೆಸಿ, ತೊಂಬತ್ತು ಮಂದಿಯ ಸಹಿ ಹಾಕಿಸಿ ಕಳಿಸಿದ್ದಳು. ಉತ್ತರ ಬರಲಿಲ್ಲ. ಆ ಲೇಖಕನ ಇನ್ನೊಂದು ಪುಸ್ತಕ ನಮ್ಮ ಶಾಖೆಗೆ ಬರಲೂ ಅವಳು ಬಿಡಲಿಲ್ಲ.

ಸೌಮಿನಿ ಹೀಗೆ ಆ ಸ್ಟೂಲು ಹತ್ತಿದಳು. ಮೂರು ವರ್ಷ ಓದಿದಳು. ನಮ್ಮಲ್ಲಿ ಲೇಖಕರ ನಿಜವಾದ ಹೆಸರು ಯಾರೂ ಹೇಳುತ್ತಿರಲಿಲ್ಲ. ಎಲ್ಲರಿಗೂ ಒಂದೊಂದು ಅಡ್ಡಹೆಸರು. ಬಂಗಾಳಿಯಿಂದ ಬಂದ ಒಬ್ಬರಿಗೆ 'ಬಾಬು' ಅಂತ. ಅವರ ಪುಸ್ತಕದಲ್ಲಿ ನದಿ, ದೀಪ, ನಿಟ್ಟುಸಿರು. ಆ ಪುಸ್ತಕ ತೆಗೆದ ದಿನ ಹೆಂಗಸರೆಲ್ಲ ಸೆರಗು ಒದ್ದೆ ಮಾಡಿಕೊಂಡೇ ಮನೆಗೆ ಹೋಗುತ್ತಿದ್ದದ್ದು. ತಲಶ್ಶೇರಿ ಕಡೆಯ ಒಬ್ಬರಿಗೆ 'ಕತ್ತರಿ ಮಾಷ್', ಅಂದರೆ ಕತ್ತರಿ ಮೇಷ್ಟ್ರು. ಎರಡು ಪದಕ್ಕೊಂದು ವಾಕ್ಯ, ಮೂರಕ್ಕೆ ಹೋದರೆ ಹೆಚ್ಚಾಯಿತು. ರಷ್ಯದ ಒಬ್ಬರು 'ಹಿಮದಜ್ಜ'. ಅವರ ಒಂದು ವಾಕ್ಯ ಮುಗಿಯುವುದರೊಳಗೆ ನನ್ನ ಹತ್ತು ಬೀಡಿ ಮುಗಿಯುತ್ತಿತ್ತು.

ಎಂಬತ್ತಾರರಲ್ಲಿ ಓಣಂ ಕಳೆದು ಹತ್ತು ದಿನಕ್ಕೆ ಜಾನುವೇಚಿ ತೀರಿಕೊಂಡಳು. ಎದೆಯಲ್ಲಿ ನೀರು ತುಂಬಿತ್ತಂತೆ. ಶಾಖೆಯಲ್ಲಿ ಸಂತಾಪ ಸಭೆ ಇಟ್ಟರು. ಸೌಮಿನಿಯೇ ಏನಾದರೂ ಬರೆದು ಓದಬೇಕು ಅಂತ ಎಲ್ಲರೂ ಹೇಳಿದರು. ಅವಳು ಎರಡು ದಿನ ಕೂತು ನಾಲ್ಕು ಪುಟ ಬರೆದು ತಂದಳು. ಸ್ಟೂಲಿನ ಮೇಲೆ ನಿಂತು ಓದಿದಳು:

"ಶರತ್ಕಾಲದ ಸಂಜೆಯ ಕೊನೆಯ ದೀಪದ ಹಾಗೆ ಜಾನುವೇಚಿ ಆರಿಹೋದರು. ಆ ಕಣ್ಣುಗಳಲ್ಲಿ ಆಚೆ ದಡದ ವಿಷಾದವೊಂದು ಸದಾ ನೆಲೆಸಿತ್ತು..."

ಓದು ಮುಗಿದಾಗ ಅರ್ಧಕ್ಕರ್ಧ ಮಂದಿ ಅಳುತ್ತಿದ್ದರು. ನಾನೂ ಅತ್ತೆ. ಆಗ ಮುಂದಿನ ಸಾಲಿನಿಂದ ಕೋರೇಟ್ಟ ಗಂಟಲು ಸರಿಮಾಡಿಕೊಂಡರು. ಅವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು. ಯಾರು ಕಟ್ಟಿದ ಬೀಡಿಯನ್ನಾದರೂ ಕೈಗೆ ತೆಗೆದುಕೊಂಡು, ತಲೆ ಮಡಚಿದ ರೀತಿ ನೋಡಿ, "ಇವಳಿಗೆ ಕಲಿಸಿದ್ದು ಇಂಥವರು," ಅಂತ ಹೇಳಬಲ್ಲವರು.

"ಚೆಂದ ಉಂಟು ಮಗಳೇ," ಅಂದರು. "ಆದ್ರೆ ಸತ್ತದ್ದು ನಮ್ಮ ಜಾನು ಅಲ್ಲ. ಬಂಗಾಳದ ಯಾರೋ ಜಮೀನ್ದಾರನ ಹೆಂಡತಿ. ಜಾನು ದೀಪದ ಹಾಗೆ ಆರಿದ್ದಾ? ಮೂರು ದಿನ ಆಸ್ಪತ್ರೆಯ ನರ್ಸುಗಳಿಗೆಲ್ಲ ಬೈದು ಬೈದು ಸತ್ತದ್ದು."

ಯಾರೋ ಮೂಗಲ್ಲೇ ನಕ್ಕರು. ಜಾನುವೇಚಿಯ ಮಗಳು ವನಜ ನಮ್ಮ ಶಾಖೆಯಲ್ಲೇ ಕೆಲಸ ಮಾಡುವವಳು. ಕಣ್ಣೊರೆಸಿಕೊಂಡು ಅವಳೂ ಹೇಳಿದಳು: "ಬೇಜಾರು ಮಾಡ್ಬೇಡ ಸೌಮಿನಿಯೇಚೀ. ಆದ್ರೆ ಅಮ್ಮನ ಕಣ್ಣಲ್ಲಿ ವಿಷಾದ ಎಲ್ಲಿಂದ? ಅಮ್ಮನ ಕಣ್ಣಲ್ಲಿ ಇದ್ದದ್ದು ಪೊರೆ."

ಸಂತಾಪ ಸಭೆಯಲ್ಲಿ ಅಷ್ಟು ದೊಡ್ಡ ನಗು ನಾನು ಮತ್ತೆಂದೂ ಕೇಳಿಲ್ಲ. ಸೌಮಿನಿಯೂ ನಕ್ಕಳು. ಆದರೆ ಮೂಗಿನ ತುದಿ ಕೆಂಪಾಗಿತ್ತು.

ಸಂಜೆ ಬಸ್ಸಿಗೆ ಕಾಯುವಾಗ ಆ ನಾಲ್ಕು ಹಾಳೆಯನ್ನು ನನ್ನ ಕೈಗೆ ಕೊಟ್ಟು, "ಗುಲಾಬೀ, ಇದರಲ್ಲಿ ನನ್ನದು ಅಂತ ಒಂದು ಸಾಲು ತೋರಿಸು," ಅಂದಳು. ನಾನು ನೋಡಿದೆ. ತೋರಿಸಲಾಗಲಿಲ್ಲ.

"ಇಪ್ಪತ್ತು ವರ್ಷ ಅವಳ ಎದುರು ಕೂತಿದ್ದೆ," ಅಂದಳು. "ಬರೆಯಲಿಕ್ಕೆ ಹೊರಟಾಗ ಬಾಬು ಬಂದು ಪೆನ್ನು ಹಿಡಿದ್ರು. ನನಗೆ ಗೊತ್ತೇ ಆಗಲಿಲ್ಲ ನೋಡು. ಚೆಂದ ಬರ್ತಾ ಉಂಟು ಅಂತ ಖುಷಿಯಲ್ಲಿದ್ದೆ."

"ಬಿಡು ಮಾರಾಯ್ತಿ. ಸತ್ತವರಿಗೆ ಕೇಳಲಿಕ್ಕುಂಟಾ?"

"ಬಿಡುವುದಿಲ್ಲ. ಜಾನುವೇಚಿಯನ್ನು ನಾನು ಬರೀಬೇಕು. ಬಾಬು ಅಲ್ಲ, ನಾನು."

ಮುಂದಿನ ತಿಂಗಳು ಎರಡನೆಯದು ತಂದಳು. ಈ ಸಲ ದೀಪವೂ ಇಲ್ಲ, ನದಿಯೂ ಇಲ್ಲ. ಚಾಯ ಕುಡಿಯುವ ಹೊತ್ತಿಗೆ ಓದಿದಳು. "ಜಾನು. ಬೀಡಿಯವಳು. ಬೆಳಿಗ್ಗೆ ಬಂದಳು. ಕೂತಳು. ಕಟ್ಟಿದಳು. ಸಂಜೆ ಹೋದಳು." ಇಷ್ಟಾಗುವಾಗಲೇ ಹಿಂದಿನ ಸಾಲಿನಿಂದ, "ಅಯ್ಯೋ, ಟೆಲಿಗ್ರಾಂ ಬಂತು!" ಅಂತ ಕೂಗು. "ಕತ್ತರಿ ಮಾಷ್! ಕತ್ತರಿ ಮಾಷ್!" ಅಂತ ನಾಲ್ಕಾರು ಮಂದಿ ಕತ್ತರಿ ಬಡಿದರು.

ಮೂರನೆಯದರಲ್ಲಿ ಜಾನುವೇಚಿ ಮನೆಯಿಂದ ಹೊರಟು, ಕಡವಿನಲ್ಲಿ ದೋಣಿಗೆ ಕಾದು, ಹೊಳೆ ದಾಟಿ, ಶಾಖೆಗೆ ಬಂದು ಕೂರುವವರೆಗೆ ಒಂದೇ ವಾಕ್ಯ. ಅದರಲ್ಲಿ 'ಆದಾಗ್ಯೂ' ಏಳು ಸಲ ಇತ್ತು. ಕೋರೇಟ್ಟ ಲೆಕ್ಕ ಹಾಕಿ ಹೇಳಿದರು. "ನಮ್ಮ ಹೊಳೆಯಲ್ಲಿ ಹಿಮ ಬೀಳದಿದ್ರೆ ಸಾಕಿತ್ತು. ಉಸಿರು ಬಿಡಲಿಕ್ಕಾದ್ರೂ ಒಂದು ಜಾಗ ಕೊಡು ಮಗಳೇ."

ತೊಂಬತ್ತು ಮಂದಿ ಹದಿನೈದಿಪ್ಪತ್ತು ವರ್ಷ ದಿನಾ ಕಾದಂಬರಿ ಕೇಳಿದರೆ ಎಂಥ ಕಿವಿ ಬರುತ್ತದೆ ಅಂತ ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಪದ ಎಲ್ಲಿಂದ ಬಂದಿತು, ಅಲ್ಪವಿರಾಮ ಯಾರ ಮನೆಯದು, ಎಲ್ಲ ಹಿಡಿಯುತ್ತಿದ್ದರು. ಅದು ಅವರಿಗೆ ಆಟ. ಸೌಮಿನಿಗೆ ಆಟವಾಗಿರಲಿಲ್ಲ. ಆದರೂ ಒಂದು ದಿನವೂ "ಇನ್ನು ಓದುವುದಿಲ್ಲ ನಿಮಗೆ," ಅಂತ ಹೇಳಿದವಳಲ್ಲ. ಕೂಗಿದ ಪ್ರತಿ ಸಾಲಿನ ಅಡಿಗೆ ಪೆನ್ಸಿಲಿನಿಂದ ಗೆರೆ ಎಳೆದುಕೊಂಡು, ಹಾಳೆ ಮಡಚಿ, ಪುಸ್ತಕ ತೆಗೆದು, ಬಿಟ್ಟಲ್ಲಿಂದ ಓದು ಮುಂದುವರಿಸುತ್ತಿದ್ದಳು.

ಆಮೇಲೆ ಅವಳಿಗೊಂದು ಯೋಚನೆ ಬಂತು. ಓದುವುದರಿಂದಲೇ ಅಲ್ಲವೇ ಇದೆಲ್ಲ? ಓದು ನಿಲ್ಲಿಸಿದರೆ? ಎರಡು ತಿಂಗಳ ರಜೆ ಕೇಳಿ ಸ್ಟೂಲಿನಿಂದ ಇಳಿದಳು. ಪವಿತ್ರನ್ ಹತ್ತಿದ. ಸೌಮಿನಿ ಬಂದು ನನ್ನ ಪಕ್ಕ ಮೊದಲಿನ ಜಾಗದಲ್ಲೇ ಕೂತಳು. ಅಷ್ಟೇ ಆಗಿದ್ದರೆ ಸರಿ. ಕಿವಿಗೆ ಹತ್ತಿ ಇಟ್ಟುಕೊಂಡು ಕೂತಳು! ಮಾತಾಡಿಸಬೇಕಾದರೆ ನಾನು ಮೊಣಕೈಯಿಂದ ತಿವಿಯಬೇಕು.

"ಸೌಮಿನೀ, ಚಾಯ ಬಂತು."

"ಆಂ?"

"ಚಾಯ!"

"ಯಾರಿಗೆ ಗಾಯ?"

ಎರಡು ತಿಂಗಳು ಹೀಗೆ ನಡೆಯಿತು. ಮನೆಯಲ್ಲೂ ಪುಸ್ತಕ ಮುಟ್ಟಲಿಲ್ಲ. ಕೊನೆಗೆ ಬರೆದು ತಂದದ್ದನ್ನು ನನಗೊಬ್ಬಳಿಗೇ ಓದಿ ಹೇಳಿದಳು: "ಮೇಲೆ ಹೇಳಿದ ಜಾನಕಿಯವರು ಈ ಶಾಖೆಯಲ್ಲಿ ಇಪ್ಪತ್ತನಾಲ್ಕು ವರ್ಷ ಸೇವೆ ಸಲ್ಲಿಸಿರುತ್ತಾರೆ. ಸಹೋದ್ಯೋಗಿಗಳೊಂದಿಗೆ ಉತ್ತಮ ಸಂಬಂಧ ಹೊಂದಿದ್ದರು..."

ಓದುತ್ತಾ ಓದುತ್ತಾ ಅವಳೇ ನಿಲ್ಲಿಸಿದಳು. "ಇದು ನಮ್ಮ ಗೋಡೆಯ ಸುತ್ತೋಲೆ," ಅಂದಳು. "ಎರಡು ತಿಂಗಳಲ್ಲಿ ನಾನು ಓದಿದ್ದು ಅದೊಂದೇ. ಬಾಗಿಲ ಹತ್ತಿರ ಅಂಟಿಸಿರ್ತಾರಲ್ಲ."

ನನಗೆ ನಗು ತಡೆಯಲಿಲ್ಲ. ಅವಳು ನಗಲಿಲ್ಲ. ಹತ್ತಿ ತೆಗೆದು ಬಿಸಾಡಿದಳು.

ಆ ಭಾನುವಾರ ನನ್ನನ್ನು ಎಳೆದುಕೊಂಡು ಉತ್ತಮೇಟ್ಟನ ಮನೆಗೆ ಹೋದಳು. ಅವರು ಅಂಗಳದಲ್ಲಿ ಮೀನಿನ ಬಲೆ ಹೊಲಿಯುತ್ತಾ ಕೂತಿದ್ದರು. ಅವರ ಮಾತು ಕೇಳಬೇಕಾದರೆ ಹತ್ತಿರ ಬಗ್ಗಬೇಕಿತ್ತು. ಸೌಮಿನಿ ನಾಲ್ಕೂ ಬರಹಗಳನ್ನು ಅವರ ಮುಂದಿಟ್ಟು ಎಲ್ಲ ಹೇಳಿದಳು, ಹತ್ತಿಯ ವಿಷಯವನ್ನೂ.

ಉತ್ತಮೇಟ್ಟ ದನಿಯಿಲ್ಲದೆ ನಕ್ಕರು. "ಕಿವಿಗೆ ಹತ್ತಿ ಇಟ್ರೆ ಎಂತ ಆಗ್ತದೆ? ಹೊಸದು ಒಳಗೆ ಬರುವುದಿಲ್ಲ. ಹಳೇದು ಹೊರಗೂ ಹೋಗುವುದಿಲ್ಲ."

"ಮತ್ತೆ ಎಂತ ಮಾಡ್ಲಿ ಉತ್ತಮೇಟ್ಟ? ನನ್ನ ಒಳಗೆ ನಾನೇ ಇಲ್ಲ. ಎಲ್ಲ ಬಾಡಿಗೆಗೆ ಬಂದವರು."

"ನನ್ನ ದನಿ ನೆನಪುಂಟಾ ನಿನಗೆ?"

"ಅದನ್ನು ಯಾರು ಮರೀತಾರೆ?"

"ಆ ದನಿ ಯಾರದ್ದು ಗೊತ್ತುಂಟಾ?" ಅವರು ಬಲೆ ಕೆಳಗಿಟ್ಟರು. "ಮೊದಲು ಮೂರು ವರ್ಷ ಪಯ್ಯನ್ನೂರಿನ ಒಬ್ಬ ನಾಟಕದವನ ಹಾಗೆ ಓದ್ತಿದ್ದೆ. ಕೈ ಎತ್ತಿ, ಗಂಟಲು ನಡುಗಿಸಿ. ಜಾನು ಬೈದಳು, 'ಇದು ಶಾಖೆಯೋ ಟೆಂಟೋ' ಅಂತ. ಆಮೇಲೆ ಒಬ್ಬ ಭಾಷಣಕಾರ. ಅವನ ಹಾಗೆ ಪ್ರತಿ ವಾಕ್ಯದ ಕೊನೆಗೆ ಗುದ್ದುವುದು. ಅದಕ್ಕೂ ಬೈದಳು. ನಾನು ಎರಡನ್ನೂ ಬಿಡಲಿಲ್ಲ. ದಿನಾ ಓದಿದೆ. ಓದ್ತಾ ಓದ್ತಾ ಯಾವುದು ನಾಟಕದವನದು, ಯಾವುದು ಭಾಷಣದವನದು ಅಂತ ನನಗೇ ಗೊತ್ತಾಗದ ಹಾಗೆ ಕಲೆತು ಹೋಯ್ತು. ನೀವು ಉತ್ತಮನ್ ದನಿ ಅಂತ ಹೇಳುವುದು ಅದಕ್ಕೆ."

ಮತ್ತೆ ಅವರೇ ಕೇಳಿದರು: "ಬಾಬು ನದಿ ಯಾಕೆ ಬರೆದ್ರು?"

"ಯಾಕೆ?"

"ಅವರ ಮನೆ ಎದುರು ಇದ್ದದ್ದು ನದಿ. ಇರಬೇಕು. ನಿನ್ನ ಮನೆ ಎದುರು ಎಂತ ಉಂಟು?"

"ಮರದ ಮಿಲ್ಲು."

"ಹಾಂ." ಅಷ್ಟು ಹೇಳಿ ಬಲೆ ಕೈಗೆ ತೆಗೆದುಕೊಂಡರು. ನಾವು ಹೊರಡುವಾಗ ಮತ್ತೆ ಕೈಸನ್ನೆ ಮಾಡಿ ಕರೆದು, "ನೀನು ಅವರನ್ನು ಓದಿದ್ದೀ. ನೋಡಲಿಲ್ಲ. ನಕಲು ಮಾಡು. ಅಕ್ಷರ ಅಕ್ಷರ, ನಿಧಾನಕ್ಕೆ. ಆಗ ಗೊತ್ತಾಗ್ತದೆ," ಅಂದರು.

ಅವಳು ಮೂರು ನೋಟುಬುಕ್ಕು ಕೊಂಡಳು. ಮತ್ತೆ ಸ್ಟೂಲು ಹತ್ತಿದಳು. ಮಧ್ಯಾಹ್ನ ಗಂಜಿ ಉಂಡು ಎಲ್ಲರೂ ಕಾಲು ಚಾಚುವ ಅರ್ಧ ಗಂಟೆ ಅವಳು ಗೋಡೆಗೆ ಒರಗಿ ನಕಲು ಮಾಡುತ್ತಿದ್ದಳು. ಭಾನುವಾರ ಬೆಳಿಗ್ಗೆಯೂ ಅದೇ. "ಪರೀಕ್ಷೆಗೆ ಕಟ್ಟಿದ್ದೀಯಾ?" ಅಂತ ಪವಿತ್ರನ್ ಕೇಳಿದ. "ಹೌದು," ಅಂದಳು. "ಪಾಸಾಗುವವರೆಗೆ ಕಟ್ಟುವುದು."

ಸುಮಾರು ನಾಲ್ಕು ತಿಂಗಳಾಗಿರಬೇಕು. ಒಂದು ದಿನ ಗಂಜಿಯ ಬಟ್ಟಲು ತೊಳೆಯುತ್ತಿದ್ದ ನನ್ನ ರಟ್ಟೆ ಹಿಡಿದು ಎಳೆದಳು. "ಗುಲಾಬೀ, ಬಾಬುವಿನ ಆ ಸಾವು ನೆನಪುಂಟಾ? ಚಿಕ್ಕ ಸೊಸೆಯದ್ದು? ನಾವೆಲ್ಲ ಅತ್ತದ್ದು?"

"ನೆನಪಿಲ್ಲದೆ? ಜಾನುವೇಚಿ ಆ ದಿನ ಚಾಯ ಕುಡಿಯಲಿಲ್ಲ."

"ಅದರಲ್ಲಿ ದೀಪ ಇಲ್ಲ! ನದಿ ಇಲ್ಲ! ನಾನು ಎರಡು ಸಲ ನಕಲು ಮಾಡಿ ನೋಡಿದೆ. ದುಃಖ ಅಂತ ಒಂದು ಶಬ್ದ ಇಲ್ಲ ಮಾರಾಯ್ತಿ. ಅವಳು ಸತ್ತ ಮೇಲೆ ಕೆಲಸದವಳು ಬಾಗಿಲಲ್ಲಿ ನಿಂತು, 'ಹಾಲು ಬಿಸಿ ಮಾಡ್ಲಾ?' ಅಂತ ಕೇಳ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಅಷ್ಟೇ. ನಾವು ಅತ್ತದ್ದು ದೀಪಕ್ಕಲ್ಲ, ಹಾಲಿಗೆ."

ಕತ್ತರಿ ಮಾಷ್ ಎಲ್ಲ ಕಡೆಯೂ ಕತ್ತರಿಸುವುದಿಲ್ಲ, ಯಾರಾದರೂ ಸುಳ್ಳು ಹೇಳುವಾಗ ಮಾತ್ರ ವಾಕ್ಯ ಚಿಕ್ಕದಾಗುತ್ತದೆ ಅಂದಳು. ಹಿಮದಜ್ಜನ ವಾಕ್ಯ ಉದ್ದವಾಗುವುದು ಯಾರಾದರೂ ಕಾಯುತ್ತಿರುವಾಗ ಅಂದಳು. "ನಾನು ಇವರ ಅಂಗಿ ಮಾತ್ರ ಕದ್ದದ್ದು. ಇವರು ಎಲ್ಲಿ ನಿಂತು ನೋಡ್ತಾರೆ ಅಂತ ನೋಡಲೇ ಇಲ್ಲ."

ಇದನ್ನೆಲ್ಲ ನಾನು ಇಷ್ಟು ಸರಿಯಾಗಿ ಹೇಳುತ್ತಿದ್ದೇನೆ ಅಂದರೆ, ಅದು ಅವಳಿಂದ ನೂರು ಸಲ ಕೇಳಿ ಬಾಯಿಪಾಠ ಆದದ್ದು. ನಾನು ಬರೆಯುವ ಈ ಕನ್ನಡದಲ್ಲೂ ಅವಳದು ಎಷ್ಟು ಸೇರಿಕೊಂಡಿದೆಯೋ, ದೇವರಿಗೇ ಗೊತ್ತು.

ಐದನೆಯ ಸಲ ಬರೆಯಲು ಅವಳಿಗೆ ಏಳು ತಿಂಗಳು ಹಿಡಿಯಿತು. ಈ ಸಲ ಮೊದಲು ಬರೆಯಲು ಕೂರಲಿಲ್ಲ. ಜಾನುವೇಚಿಯ ಮನೆಗೆ ಹೋದಳು, ಕಡವಿನಲ್ಲಿ ಕೂತಳು, ಅವಳಿಗೆ ಸೂಜಿ ಚುಚ್ಚಿದ ನರ್ಸನ್ನು ಹುಡುಕಿಕೊಂಡು ಹೋದಳು. "ಆ ಹೆಂಗಸಾ?" ಅಂದಳಂತೆ ನರ್ಸು. "ನನ್ನ ಅಜ್ಜನ ಕಾಲದವರೆಗೆ ಹೋಗಿ ಬೈದ್ರು. ಬೈದು ಮುಗಿಸಿ, ಊಟ ಆಯ್ತಾ ಅಂತ ಕೇಳಿದ್ರು." ಸೌಮಿನಿ ಅದನ್ನು ಹಾಗೇ ಬರೆದುಕೊಂಡು ಬಂದಳು. ಬರೆದು ಹರಿದದ್ದು ಎಷ್ಟು ಅಂತ ಅವಳ ಗಂಡ ಹೇಳಬೇಕು. ಒಲೆಗೆ ಕಾಗದ ಹಾಕಿ ಹಾಕಿ ಸಾಕಾಯ್ತು ಅಂತ ದೂರುತ್ತಿದ್ದ. "ಬರೀ, ಬೇಡ ಅನ್ನುವುದಿಲ್ಲ. ನನ್ನ ಬಗ್ಗೆ ಮಾತ್ರ ಬರೀಬೇಡ," ಅಂತಲೂ ಹೇಳಿದ್ದ.

ಓದಬೇಕಾದರೆ ಒಂದು ವಾರದ ಮಧ್ಯಾಹ್ನ ಬೇಕಿತ್ತು. ಪವಿತ್ರನ್ ಅಡ್ಡ ಬಂದ. "ಇದು ಪುಸ್ತಕ ಓದುವ ಹೊತ್ತು. ನಮ್ಮವರೇ ಬರೆದದ್ದನ್ನು ಕೇಳ್ತಾ ಕೂತ್ರೆ ನಾಳೆ ಎಲ್ಲರೂ ಬರೀತಾರೆ."

"ಬರೀಲಿ. ಬೀಡಿ ಕಟ್ಟುವವರು ಬರೀಬಾರದು ಅಂತ ಯಾವ ಸುತ್ತೋಲೆ ಉಂಟು?" ಅಂತ ಸೌಮಿನಿ ಅಲ್ಲೇ ತಿರುಗಿ ಬಿದ್ದಳು. "ಕೈ ಎತ್ತಿಸು. ಬೇಡ ಅಂದವರು ಹೆಚ್ಚಾದ್ರೆ ನಾನು ಬಾಬುವನ್ನೇ ಓದ್ತೇನೆ. ಆದ್ರೆ ಮುಂದಿನ ತಿಂಗಳು ಪುನಃ ಕೇಳ್ತೇನೆ. ಅದರ ಮುಂದಿನ ತಿಂಗಳೂ ಕೇಳ್ತೇನೆ."

"ಇವಳ ಕಾಟ ಬೇಡ ಮಾರಾಯ, ಓದ್ಲಿ!" ಅಂದರು ಕೋರೇಟ್ಟ. ಕೈಗಳು ಎದ್ದವು. ಪವಿತ್ರನ ಕೈ ಎಲ್ಲರಿಗಿಂತ ಕೊನೆಗೆ ಎದ್ದಿತು, ಆದರೂ ಎದ್ದಿತು.

ಸೋಮವಾರ ಶುರುವಾಯಿತು. ಎಲ್ಲರೂ ಕತ್ತರಿ ಹಿಡಿದು ಕಾಯುತ್ತಿದ್ದರು, ಬಡಿಯಲು. ಸೌಮಿನಿ ನೀರು ಕುಡಿದು, ಯಾರ ಮುಖವನ್ನೂ ನೋಡದೆ ಓದಿದಳು. ಕಥೆ ಶುರುವಾದದ್ದು ಕಡವಿನಲ್ಲಿ. "ದೋಣಿ ಕಾಣುವ ಮೊದಲು ದೋಣಿಯವನ ಕೆಮ್ಮು ಕೇಳುತ್ತಿತ್ತು. ಕೆಮ್ಮು ಕೇಳಿದ ಕೂಡಲೇ ಜಾನುವೇಚಿ ಬೈಯಲು ಶುರು ಮಾಡುತ್ತಿದ್ದಳು."

"ಬಾಬು!" ಅಂತ ಕೂಗಿದರು ಕೋರೇಟ್ಟ. "ಮೊದಲು ಶಬ್ದ, ಆಮೇಲೆ ಮನುಷ್ಯ. ಇದು ಬಾಬುವಿನ ವಿದ್ಯೆ!"

ಸೌಮಿನಿ ತಲೆ ಎತ್ತಿದಳು. ಈ ಸಲ ಪೆನ್ಸಿಲ್ ತೆಗೆಯಲಿಲ್ಲ. "ಹೌದು ಕೋರೇಟ್ಟ, ಅವರಿಂದಲೇ ಕಲಿತದ್ದು. ಆದ್ರೆ ಕೆಮ್ಮಿದ್ದು ನಮ್ಮ ದೋಣಿಯವ. ಆ ಸಾಲು ನಾನು ತೆಗೆಯುವುದಿಲ್ಲ."

ಕೋರೇಟ್ಟ ಕತ್ತರಿ ಕೆಳಗಿಟ್ಟರು. "ತೆಗೀಬೇಡ," ಅಂದರು. "ನೀನು ಕಟ್ಟುವ ಬೀಡಿಯಲ್ಲೂ ನಾಣಿಯ ಬೆರಳುಂಟು. ಅವಳೇ ಅಲ್ವಾ ನಿನಗೆ ಕಟ್ಟಲಿಕ್ಕೆ ಕಲಿಸಿದ್ದು? ಅದನ್ನು ಯಾರೂ ಕಳ್ಳತನ ಅಂತ ಹೇಳಲಿಲ್ಲ. ಓದು."

ಆ ದಿನ ಇನ್ನೆರಡು ಸಲ ಕೂಗಿದರು. ಮಂಗಳವಾರ ಒಂದು ಸಲ, ಅದೂ ಹಿಂದಿನ ಸಾಲಿನಿಂದ, ಅಷ್ಟು ಖಾತ್ರಿ ಇಲ್ಲದ ದನಿಯಲ್ಲಿ. ಬುಧವಾರ ಏನಾಯಿತು ಅಂದರೆ, ಸೌಮಿನಿ ಆ ಬಾವಿಗೆ ಹಾರಿದ ನಾಯಕಿಯ ಕಾಗದದ ಪ್ರಸಂಗ ಓದುತ್ತಿದ್ದಳು. ಕಾಗದಕ್ಕೆ ಉತ್ತರ ಬಾರದಿದ್ದಾಗ ಜಾನುವೇಚಿ ಏನು ಹೇಳಿದಳು ಅನ್ನುವಲ್ಲಿಗೆ ಬಂದಿದ್ದಳು. ವನಜ ಥಟ್ಟನೆ ಎದ್ದು ನಿಂತಳು.

"ಸುಳ್ಳು! ಅಮ್ಮ ಆ ಮಾತು ಹೇಳಿದ್ದು ಇಲ್ಲಲ್ಲ. ಕಡವಿನಲ್ಲಿ ಹೇಳಿದ್ದು. ನಾನಿದ್ದೆ!"

"ಇಲ್ಲೇ ಹೇಳಿದ್ದು. ಈ ಕಂಬದ ಹತ್ತಿರ," ಅಂದರು ಕೋರೇಟ್ಟ.

"ನಿಮಗೆ ಎಂತ ಗೊತ್ತು? ಅಮ್ಮ ನಿಮ್ಮ ಹತ್ತಿರ ಆ ವರ್ಷ ಮಾತೇ ಬಿಟ್ಟಿದ್ರು!"

"ಮಾತು ಬಿಟ್ಟದ್ದು ಯಾಕೆ ಅಂತ ಹೇಳ್ಲಾ? ಹೇಳ್ಲಾ ಎಲ್ಲರ ಎದುರು?"

"ಉಪ್ಪಿನಕಾಯಿ ವಿಷಯ ಬೇಡ ಈಗ!" ಅಂತ ಇನ್ಯಾರೋ. ಅಲ್ಲಿಂದ ತೊಡಗಿತು. ಜಾನುವೇಚಿಗೆ ಯಾವ ಮೀನು ಇಷ್ಟ, ಅವಳು ನಿಜವಾಗಿ ಬೈಯುತ್ತಿದ್ದ ಬೈಗುಳ ಯಾವುದು, ಸೌಮಿನಿ ಅದನ್ನು ಮೃದು ಮಾಡಿ ಬರೆದಿದ್ದಾಳೋ ಇಲ್ಲವೋ, ಎಲ್ಲದಕ್ಕೂ ಜಗಳ. ಕಾಲು ಗಂಟೆ ಒಬ್ಬರೂ ಬೀಡಿ ಕಟ್ಟಲಿಲ್ಲ. ಮೇಸ್ತ್ರಿ ಒಳಗಿನಿಂದ ಓಡಿ ಬಂದ. "ಎಂತ ಇದು? ಮುಷ್ಕರವಾ?"

"ಅಲ್ಲ," ಅಂದಳು ವನಜ. "ಅಮ್ಮ."

ನಾನು ಸೌಮಿನಿಯ ಮುಖ ನೋಡಿದೆ. ಅವಳು ಸ್ಟೂಲಿನ ಮೇಲೆ ಹಾಳೆಗಳನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ಬಾಬು, ಕತ್ತರಿ ಮಾಷ್, ಹಿಮದಜ್ಜ ಯಾರ ಹೆಸರೂ ಯಾರ ಬಾಯಲ್ಲೂ ಇರಲಿಲ್ಲ. ಅವಳು ಜಗಳ ತಣಿಯುವವರೆಗೆ ಕಾದು, ಮುಂದಿನ ಪುಟ ಓದಿದಳು. ಶುಕ್ರವಾರ ಆಸ್ಪತ್ರೆಯ ಭಾಗ. ಜಾನುವೇಚಿ ನರ್ಸಿಗೆ ಬೈದು ಮುಗಿಸಿ "ನಿನ್ನ ಊಟ ಆಯ್ತಾ?" ಅಂತ ಕೇಳುವಲ್ಲಿಗೆ ಓದು ನಿಂತಿತು. ಅದೇ ಕೊನೆಯ ಸಾಲು. ಸತ್ತಳು ಅಂತ ಎಲ್ಲೂ ಬರೆದಿರಲಿಲ್ಲ. ವನಜ ಆ ದಿನ ಏನೂ ತಿದ್ದಲಿಲ್ಲ.

ಪವಿತ್ರನೇ ಅದನ್ನು ಕಲ್ಲಿಕೋಟೆಯ ಒಂದು ವಾರಪತ್ರಿಕೆಗೆ ಕಳಿಸಿದ. ಒಂದೂವರೆ ತಿಂಗಳ ಮೇಲೆ ಉತ್ತರ ಬಂತು. ಸಂಪಾದಕರು ಒಳ್ಳೆಯ ಮಾತುಗಳನ್ನೇ ಬರೆದಿದ್ದರು. ಆದರೆ ಎರಡು ಬದಲಾವಣೆ ಬೇಕಿತ್ತು ಅವರಿಗೆ. ನಮ್ಮ ಕಡೆಯ ಆಡುಮಾತನ್ನು ಎಲ್ಲರಿಗೂ ಅರ್ಥವಾಗುವ ಶುದ್ಧ ಭಾಷೆಗೆ ತರಬೇಕು. ಮತ್ತೆ, ಮೊದಲ ಪುಟದಲ್ಲಿ ಬಂಗಾಳಿ ಕಾದಂಬರಿಗಳ ಒಂದು ಛಾಯೆ ಇದೆಯಲ್ಲ, ಓದುಗರಿಗೆ ಅದು ಬಹಳ ಇಷ್ಟ, ಅದನ್ನೇ ಕೊನೆಯವರೆಗೂ ಮುಂದುವರಿಸಬೇಕು. ಸಾವಿನ ದೃಶ್ಯ ಒಂದನ್ನು ಸೇರಿಸಬೇಕು.

ನಾವೆಲ್ಲ ಸುತ್ತ ನಿಂತಿದ್ದೆವು. "ಒಪ್ಪು ಮಾರಾಯ್ತಿ," ಅಂದೆ ನಾನು. "ಪತ್ರಿಕೆಯಲ್ಲಿ ಹೆಸರು ಬರ್ತದೆ. ಎರಡನೆಯದರಲ್ಲಿ ನಿನಗೆ ಬೇಕಾದ ಹಾಗೆ ಬರೀ."

"ಗುಲಾಬೀ, ಒಂದು ವರ್ಷ ಬಾಬುವನ್ನು ಬೇಡಿ ಬೇಡಿ ಅವರ ಜಾಗಕ್ಕೆ ಕಳಿಸಿದ್ದೇನೆ. ಪುನಃ ಕರೆದು ಕೂರಿಸ್ಲಾ?"

ಅಲ್ಲೇ ಒಂದು ಲಕೋಟೆ ತರಿಸಿ ಕಾಗದ ಬರೆದಳು. ನಾನು ಅದನ್ನು ನೋಡಿದ್ದೇನೆ. "ಮಾನ್ಯರೇ, ನಿಮ್ಮ ಕಾಗದ ಬಂತು. ಜಾನಕಿಯವರು ಶುದ್ಧ ಭಾಷೆಯಲ್ಲಿ ಬೈಯುತ್ತಿರಲಿಲ್ಲ. ಕಥೆಯಲ್ಲಿ ಹೆಂಗಸರು ಸಾಯುವುದೂ ಅವರಿಗೆ ಇಷ್ಟವಿರಲಿಲ್ಲ. ಹಸ್ತಪ್ರತಿ ವಾಪಸು ಕಳಿಸಿ. ಅಂಚೆಚೀಟಿ ಇಟ್ಟಿದ್ದೇನೆ."

ಹಸ್ತಪ್ರತಿ ಬಂತು. ಊರಿನ ವಾಚನಶಾಲೆಯವರು ಅದನ್ನು ಪುಸ್ತಕ ಮಾಡಿದರು, ಎಪ್ಪತ್ತೆರಡು ಪುಟ, ತೆಳು ಕಾಗದ. ಉತ್ತಮೇಟ್ಟನೇ ಅಚ್ಚಿನ ಕರಡು ತಿದ್ದಿದ್ದು. ಆರು ಕಡೆ ಅಲ್ಪವಿರಾಮ ತೆಗೆದಿದ್ದರು. ಸೌಮಿನಿ ನಾಲ್ಕಕ್ಕೆ ಒಪ್ಪಿ ಎರಡನ್ನು ಪುನಃ ಹಾಕಿಸಿದಳು. ಪುಸ್ತಕ ಸುತ್ತಲಿನ ಶಾಖೆಗಳಿಗೆಲ್ಲ ಹೋಯಿತು. ಧರ್ಮಡಂ ಕಡೆಯ ಒಂದು ಶಾಖೆಯಲ್ಲಿ ಓದಿದಾಗ ಅಲ್ಲಿಯವರು, "ಈ ಜಾನು ನಮ್ಮಲ್ಲಿ ಕೆಲಸ ಮಾಡಿದವಳೇ," ಅಂತ ವಾದಿಸಿದರಂತೆ.

ಅದಾದ ಮೇಲೆ ಸೌಮಿನಿ ಇನ್ನೂ ಮೂರು ಪುಸ್ತಕ ಬರೆದಳು. ಎರಡನೆಯದು ಅಷ್ಟು ಚೆನ್ನಾಗಿಲ್ಲ, ಅವಳಿಗೂ ಗೊತ್ತುಂಟು. ಅದರಲ್ಲಿ ಸ್ವಂತದ್ದೇ ಬರಬೇಕು ಅನ್ನುವ ಹಟ ಜಾಸ್ತಿಯಾಗಿ ವಾಕ್ಯಗಳು ಮೊಣಕೈ ಚಾಚಿಕೊಂಡು ನಿಂತಿವೆ. ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಗಂಡ ಬೇಡ ಅಂದರೂ ಅವನ ಬಗ್ಗೆಯೇ ಬರೆದದ್ದು. ಅವನು ಒಂದು ವಾರ ಮಾತಾಡಲಿಲ್ಲ. ಆಮೇಲೆ ಹತ್ತು ಪ್ರತಿ ಕೊಂಡು ಹೋಗಿ ಮಗ್ಗದವರಿಗೆಲ್ಲ ಹಂಚಿದ.

ಬೀಡಿಗೆ ಕಾಲವಿಲ್ಲದಾಗಿ ನಮ್ಮ ಶಾಖೆ ಮುಚ್ಚಿತು. ಕೋರೇಟ್ಟ, ಉತ್ತಮೇಟ್ಟ ಇಬ್ಬರೂ ಈಗಿಲ್ಲ. ಸೌಮಿನಿಗೆ ಎಪ್ಪತ್ತೆರಡು, ನನಗೂ ಅಷ್ಟೇ. ಮೊನ್ನೆ ವಾಚನಶಾಲೆಗೆ ಹೋದರೆ ಅವಳು ಕಿಟಕಿಯ ಹತ್ತಿರ ಕೂತು ನೋಟುಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು. ಬಗ್ಗಿ ನೋಡಿದೆ. ಯಾವುದೋ ಹೊಸ ಹುಡುಗಿಯ ಕಥೆ, ಇತ್ತೀಚೆಗೆ ಬಂದದ್ದು. ಅಕ್ಷರ ಅಕ್ಷರ ನಕಲು.

"ಈ ವಯಸ್ಸಲ್ಲಿ ಎಂತಕ್ಕೆ ಮಾರಾಯ್ತಿ ಇದು?" ಅಂದೆ.

"ಇವಳು ಜಗಳದ ಮಧ್ಯೆ ಮಳೆ ಬಂತೋ ಬಿಸಿಲಿತ್ತೋ ಅಂತ ಹೇಳ್ತಾಳೆ, ನೋಡು," ಅಂದಳು, ತಲೆ ಎತ್ತದೆ. "ಹೇಳಬಾರದ ಜಾಗ ಅದು. ಆದ್ರೂ ಸರಿಯಾಗ್ತದೆ. ಹೇಗೆ ಅಂತ ಇನ್ನೂ ಗೊತ್ತಾಗಲಿಲ್ಲ ನನಗೆ. ಇನ್ನೊಂದು ಪುಟ ನೋಡ್ತೇನೆ. ನೀನು ಕೂತ್ಕೋ."